54 ಕೊಳ್ಳಬೇಕೋ, 56 ಕೊಳ್ಳಬೇಕೋ? ರೋಡ್ ಬೈಕಿನ ಫ್ರೇಮ್ ಅಳತೆ

ಪ್ರಶ್ನೆ: ನನ್ನ ವಯಸ್ಸು 43. ಮನೆ ಹುಬ್ಬಳ್ಳಿಯ ನವನಗರದಲ್ಲಿ, ನೌಕರಿ ಧಾರವಾಡದಲ್ಲಿ. ವಾರಕ್ಕೆರಡು ದಿನವಾದರೂ ಸೈಕಲ್ ಮೇಲೆ ಕೆಲಸಕ್ಕೆ ಹೋಗಬೇಕು, ರವಿವಾರ ಗೆಳೆಯರೊಂದಿಗೆ ಕಲಘಟಗಿ ಕಡೆ ಹೋಗಿಬರಬೇಕು ಎಂಬ ಆಸೆಯಿಂದ ರೋಡ್ ಬೈಕ್ (ಕೆಳಬಾಗಿದ ಹ್ಯಾಂಡಲಿನ, ವೇಗದ ಸೈಕಲ್) ಕೊಳ್ಳಲು ಹೊರಟಿದ್ದೇನೆ. ಎತ್ತರ 172 ಸೆಂ.ಮೀ., ಕಾಲಿನ ಒಳ ಅಳತೆ 83 ಸೆಂ.ಮೀ. ಅಂಗಡಿಯವರು ಈ 83ನ್ನು 0.67ರಿಂದ ಗುಣಿಸಿ, 56ರ ಫ್ರೇಮ್ ನನಗೆ ಸರಿ ಎನ್ನುತ್ತಾರೆ. ಅದರ ಮೇಲೆ ರಿಯಾಯಿತಿಯೂ ಇದೆ. ಗೆಳೆಯರೊಬ್ಬರು ಅದೇ ಅಳತೆಯನ್ನು 0.65ರಿಂದ ಗುಣಿಸಿ 54 ಕೊಳ್ಳಿ ಎನ್ನುತ್ತಾರೆ. ನನಗಿಂತ ಎತ್ತರದವರೊಬ್ಬರ 56ರ ಸೈಕಲನ್ನು ಒಮ್ಮೆ ಎರವಲು ಪಡೆದು ಓಡಿಸಿದಾಗ ಕುತ್ತಿಗೆ ಹಿಡಿದುಕೊಂಡಿತ್ತು. ಯಾರ ಮಾತು ಕೇಳಲಿ?
— ಓದುಗರು, ನವನಗರ, ಹುಬ್ಬಳ್ಳಿ

ಉತ್ತರ: ನಿಮ್ಮ ಅಂಗಡಿಯವರೂ ಗೆಳೆಯರೂ ಹೇಳುತ್ತಿರುವುದು ಒಂದೇ ಲೆಕ್ಕವನ್ನು, ಇಬ್ಬರೂ ಫ್ರೇಮನ್ನು ಅಳೆಯುವ ತುದಿ ಮಾತ್ರ ಬೇರೆ. 83ನ್ನು 0.65ರಿಂದ ಗುಣಿಸಿದರೆ ಬರುವ 54, ಪೆಡಲಿನ ಅಚ್ಚಿನ (ಪೆಡಲಿನ ಎರಡೂ ತೋಳುಗಳು ಕೂಡುವ, ಫ್ರೇಮಿನ ಕೆಳಗಿನ ಅಚ್ಚು) ನಡುವಿನಿಂದ ಹಿಡಿದು ಅಡ್ಡ ಪೈಪು ಸೀಟಿನ ಪೈಪಿಗೆ ಕೂಡುವ ಜಾಗದ ನಡುವಿನವರೆಗಿನ ಉದ್ದ. 0.67ರಿಂದ ಗುಣಿಸಿದರೆ ಬರುವ 55.6, ಅದೇ ಅಚ್ಚಿನಿಂದ ಸೀಟಿನ ಪೈಪಿನ ಮೇಲ್ತುದಿಯವರೆಗಿನ ಉದ್ದ. ಹೀಗಾಗಿ ಒಂದೇ ಫ್ರೇಮನ್ನು ಒಂದು ಕಂಪನಿ 54 ಎಂದೂ ಇನ್ನೊಂದು ಕಂಪನಿ 56 ಎಂದೂ ಕರೆದರೆ ಇಬ್ಬರದೂ ಸುಳ್ಳಲ್ಲ. ಆದರೆ ನೀವು ನೋಡುತ್ತಿರುವ ಸೈಕಲ್ಲಿಗೆ ಈ ಎರಡೂ ಲೆಕ್ಕಗಳು ಅನ್ವಯಿಸುವುದಿಲ್ಲ ಎಂಬುದು ಮುಖ್ಯ ಸಂಗತಿ.

ಈ ಸೂತ್ರಗಳಿಗೆ ಹೆಸರು ತಂದವರು 1986, 1989 ಮತ್ತು 1990ರಲ್ಲಿ ಟೂರ್ ದ ಫ್ರಾನ್ಸ್ ಸೈಕಲ್ ರೇಸ್ ಗೆದ್ದ ಅಮೆರಿಕದ ಗ್ರೆಗ್ ಲೆಮಾಂಡ್ ಮತ್ತು ಅವರಿಗೆ ತರಬೇತಿ ಕೊಟ್ಟ ಫ್ರಾನ್ಸಿನ ಸಿರಿಲ್ ಗಿಮಾರ್. ಅವರ ಕಾಲದ ಉಕ್ಕಿನ ಫ್ರೇಮುಗಳಲ್ಲಿ ಅಡ್ಡ ಪೈಪು ನೆಲಕ್ಕೆ ಸಮಾನಾಂತರವಾಗಿರುತ್ತಿತ್ತು. ಸೀಟಿನ ಪೈಪು ಉದ್ದವಾದಂತೆ ಫ್ರೇಮಿನ ಉಳಿದ ಭಾಗಗಳೂ ಹೆಚ್ಚು ಕಡಿಮೆ ಅದೇ ಪ್ರಮಾಣದಲ್ಲಿ ಬೆಳೆಯುತ್ತಿದ್ದವು. ಆದ್ದರಿಂದ ಆ ಒಂದು ಪೈಪಿನ ಉದ್ದ ಹೇಳಿದರೆ ಇಡೀ ಫ್ರೇಮಿನ ಅಂದಾಜು ಸಿಗುತ್ತಿತ್ತು. 1990ರ ದಶಕದ ಕೊನೆಯಲ್ಲಿ ಜೈಂಟ್ ಕಂಪನಿಯು ಟಿಸಿಆರ್ ಎಂಬ ಮಾದರಿಯಲ್ಲಿ ಅಡ್ಡ ಪೈಪನ್ನು ಸೀಟಿನ ಕಡೆಗೆ ಇಳಿಜಾರಾಗಿಸಿತು, ಕ್ರಮೇಣ ಉಳಿದವರೂ ಅದೇ ದಾರಿ ಹಿಡಿದರು. ಈಗ 54 ಎಂದು ಬರೆದಿರುವ ಫ್ರೇಮಿನ ಸೀಟಿನ ಪೈಪನ್ನು ಟೇಪ್ ಹಿಡಿದು ಅಳೆದರೆ 50 ಸೆಂ.ಮೀ. ಆಸುಪಾಸು ಬರುವುದುಂಟು. ಅಲ್ಲಿ 54 ಎನ್ನುವುದು ಎಸ್, ಎಂ, ಎಲ್ ಎನ್ನುವಂತೆ ಒಂದು ಹೆಸರು, ಅಷ್ಟೇ.

ಫ್ರೇಮ್ ಕೊಂಡ ಮೇಲೆ ಯಾವುದನ್ನು ಬದಲಿಸಬಹುದು, ಯಾವುದನ್ನು ಬದಲಿಸಲಾಗದು ಎಂಬುದನ್ನು ಮೊದಲು ಯೋಚಿಸಬೇಕು. ಸೀಟನ್ನು ಹತ್ತು ಸೆಂಟಿಮೀಟರಿನಷ್ಟು ಸಲೀಸಾಗಿ ಏರಿಸಬಹುದು, ಇಳಿಸಬಹುದು. ಆದರೆ ಸೀಟಿನಿಂದ ಹ್ಯಾಂಡಲ್‌ವರೆಗಿನ ಚಾಚನ್ನು ಬದಲಿಸಲು ಇರುವ ಅವಕಾಶ ಬಹಳ ಕಡಿಮೆ: ಹ್ಯಾಂಡಲನ್ನು ಹಿಡಿದಿರುವ ಸ್ಟೆಮ್ಮನ್ನು ಒಂದೆರಡು ಸೆಂಟಿಮೀಟರ್ ಗಿಡ್ಡದ್ದೋ ಉದ್ದದ್ದೋ ಹಾಕಬಹುದು, ಅದಕ್ಕೂ ಮೀರಿದರೆ ಸೈಕಲ್ಲಿನ ತಿರುಗುವ ಗುಣವೇ ಬದಲಾಗುತ್ತದೆ. ಹೀಗಿರುವಾಗ ಎಲ್ಲರೂ ಕಾಲಿನ ಅಳತೆಯನ್ನೇ ಹಿಡಿದು ಫ್ರೇಮ್ ಆರಿಸುವುದು, ದರ್ಜಿಯು ಎದೆಯ ಸುತ್ತಳತೆ ಬಿಟ್ಟು ಬರೀ ಉದ್ದ ನೋಡಿ ಅಂಗಿ ಹೊಲಿದಂತಾಗುತ್ತದೆ. ಫ್ರೇಮಿನ ಅಳತೆ ಎಂದರೆ ಮುಖ್ಯವಾಗಿ ಅದರ ಚಾಚು, ಆಮೇಲೆ ಹ್ಯಾಂಡಲಿನ ಎತ್ತರ. ಸೀಟಿನ ಎತ್ತರಕ್ಕೆ ಕೊನೆಯ ಸ್ಥಾನ.

ಕಂಪನಿಗಳ ಅಳತೆ ಪಟ್ಟಿಯಲ್ಲಿ ಇವಕ್ಕೆಂದೇ ಎರಡು ಸಾಲುಗಳಿರುತ್ತವೆ. ಪೆಡಲಿನ ಅಚ್ಚಿನ ನಡುವಿನಿಂದ ನೇರ ಮೇಲಕ್ಕೆ, ಫ್ರೇಮಿನ ಮುಂದಿನ ಗಿಡ್ಡ ಪೈಪಿನ ಮೇಲ್ತುದಿಯ ಮಟ್ಟದವರೆಗಿನ ಎತ್ತರಕ್ಕೆ ಸ್ಟ್ಯಾಕ್ ಎನ್ನುತ್ತಾರೆ. ಅದೇ ಅಚ್ಚಿನ ನೇರದಿಂದ ಆ ಮೇಲ್ತುದಿಯವರೆಗೆ ಅಡ್ಡಲಾಗಿ ಇರುವ ದೂರಕ್ಕೆ ರೀಚ್ ಎನ್ನುತ್ತಾರೆ. ಯಾವ ಕಂಪನಿ ಯಾವ ಹೆಸರಿಟ್ಟರೂ ಈ ಎರಡು ಅಂಕಿಗಳನ್ನು ಒಂದರ ಪಕ್ಕ ಒಂದಿಟ್ಟು ಹೋಲಿಸಬಹುದು. ದೂರ ಓಡಿಸಲೆಂದು ಮಾಡಿದ, ಎಂಡ್ಯೂರೆನ್ಸ್ ಎಂದು ಕರೆಯುವ 54ರ ಫ್ರೇಮುಗಳಲ್ಲಿ ಸಾಮಾನ್ಯವಾಗಿ ಸ್ಟ್ಯಾಕ್ 56ರಿಂದ 58 ಸೆಂ.ಮೀ., ರೀಚ್ 37ರಿಂದ 38 ಸೆಂ.ಮೀ. ಇರುತ್ತದೆ. ರೇಸಿಗೆಂದು ಮಾಡಿದ ಅದೇ ಹೆಸರಿನ ಫ್ರೇಮಿನಲ್ಲಿ ಸ್ಟ್ಯಾಕ್ 54ರ ಆಸುಪಾಸಿಗೆ ಇಳಿದು, ರೀಚ್ 38ನ್ನು ದಾಟಿರುತ್ತದೆ. 54 ಕೊಳ್ಳಬೇಕೋ 56 ಕೊಳ್ಳಬೇಕೋ ಎನ್ನುವುದಕ್ಕಿಂತ ಮೊದಲು ಈ ಎರಡು ಜಾತಿಗಳಲ್ಲಿ ಯಾವುದು ಎಂದು ಕೇಳಬೇಕಾದದ್ದು ಅದಕ್ಕಾಗಿ.

ಇನ್ನು ನಿಮ್ಮ ದೇಹದ ವಿಷಯ. 172 ಸೆಂ.ಮೀ. ಎತ್ತರದವರಿಗೆ ಕಾಲಿನ ಒಳ ಅಳತೆ 81ರ ಸುಮಾರಿಗೆ ಇರುವುದು ವಾಡಿಕೆ, ನಿಮ್ಮದು 83. ಎಂದರೆ ನಿಮ್ಮ ಕಾಲು ಉದ್ದ, ಮುಂಡ ಅಷ್ಟರಮಟ್ಟಿಗೆ ಗಿಡ್ಡ. ಅಂಗಡಿಯವರ ಸೂತ್ರ ನಿಮ್ಮ ಉದ್ದ ಕಾಲನ್ನು ನೋಡಿ ದೊಡ್ಡ ಫ್ರೇಮ್ ಕೊಡುತ್ತದೆ, ಆದರೆ ದೊಡ್ಡ ಫ್ರೇಮಿನೊಂದಿಗೆ ಬರುವ ಹೆಚ್ಚಿನ ಚಾಚನ್ನು ಹೊರಬೇಕಾದದ್ದು ನಿಮ್ಮ ಗಿಡ್ಡ ಮುಂಡ. ಎರವಲು ಸೈಕಲ್ಲಿನಲ್ಲಿ ನಿಮ್ಮ ಕುತ್ತಿಗೆ ಹಿಡಿದುಕೊಂಡದ್ದು ಬಹುಮಟ್ಟಿಗೆ ಇದರಿಂದಲೇ ಇರಬೇಕು.

ಒಂದು ಅಳತೆಯಿಂದ ಮುಂದಿನದಕ್ಕೆ ಹೋದಾಗ ರೀಚ್ ಹೆಚ್ಚುವುದು ಬರೀ 8 ಮಿ.ಮೀ. ಎಂದು ಪಟ್ಟಿ ತೋರಿಸಿದರೆ ಅದನ್ನು ಅಲ್ಪವೆಂದು ತಳ್ಳಿಹಾಕಬೇಡಿ. ಜೊತೆಗೆ ಸ್ಟ್ಯಾಕ್ ಕೂಡ 2 ಸೆಂ.ಮೀ.ನಷ್ಟು ಏರಿರುತ್ತದೆ. ಸಣ್ಣ ಫ್ರೇಮಿನಲ್ಲಿ ಹ್ಯಾಂಡಲನ್ನು ಅದೇ ಎತ್ತರಕ್ಕೆ ತರಲು ಸ್ಟೆಮ್ಮಿನ ಕೆಳಗೆ ಉಂಗುರಗಳನ್ನು, ಎಂದರೆ ಸ್ಪೇಸರುಗಳನ್ನು ಹಾಕಬೇಕು. ಮುಂದಿನ ಪೈಪು ಹಿಂದಕ್ಕೆ ವಾಲಿರುವುದರಿಂದ ಪ್ರತಿ 1 ಸೆಂ.ಮೀ. ಸ್ಪೇಸರಿಗೆ ಹ್ಯಾಂಡಲ್ ಸುಮಾರು 3 ಮಿ.ಮೀ. ಹತ್ತಿರ ಬರುತ್ತದೆ. ಹೀಗೆ ಹ್ಯಾಂಡಲಿನ ಎತ್ತರ ಸಮವಾಗಿದ್ದಾಗ 56ರ ಫ್ರೇಮ್ 54ಕ್ಕಿಂತ ಸುಮಾರು 14 ಮಿ.ಮೀ. ಉದ್ದವಾಯಿತು. ಕಂಪನಿಯವರು 56ಕ್ಕೆ 11 ಸೆಂ.ಮೀ. ಸ್ಟೆಮ್, 54ಕ್ಕೆ 10 ಸೆಂ.ಮೀ. ಸ್ಟೆಮ್ ಹಾಕಿ ಕಳಿಸಿದ್ದರೆ ಒಟ್ಟು ವ್ಯತ್ಯಾಸ 24 ಮಿ.ಮೀ. ಆಗುತ್ತದೆ, ಮತ್ತು ಅಷ್ಟು ವ್ಯತ್ಯಾಸವನ್ನು ಯಾವ ಕುತ್ತಿಗೆಯೂ ಗುರುತಿಸುತ್ತದೆ.

ಆದ್ದರಿಂದ ನನ್ನ ಸಲಹೆ, ಎಂಡ್ಯೂರೆನ್ಸ್ ಜಾತಿಯ 54ರ ಫ್ರೇಮ್. ಉದ್ದ ಕಾಲಿನವರು ಸಣ್ಣ ಫ್ರೇಮ್ ಕೊಂಡರೆ ಸೀಟು ಮೇಲೇರಿ ಹ್ಯಾಂಡಲ್ ತೀರ ಕೆಳಗಾಗುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಅದನ್ನೂ ಲೆಕ್ಕ ಹಾಕಿ ನೋಡೋಣ. 83ನ್ನು 0.883ರಿಂದ ಗುಣಿಸಿದರೆ 73.3, ಪೆಡಲಿನ ಅಚ್ಚಿನಿಂದ ಸೀಟಿನ ಮೇಲ್ಮೈವರೆಗೆ ನಿಮಗೆ ಬೇಕಾದ ಎತ್ತರ ಸುಮಾರು ಇಷ್ಟು. ಲೆಮಾಂಡ್ ಸೂತ್ರಗಳಲ್ಲಿ ಇಂದಿಗೂ ಕೆಲಸಕ್ಕೆ ಬರುವುದು ಇದೊಂದೇ, ಇದನ್ನೂ ಆರಂಭದ ಅಂದಾಜು ಎಂದಷ್ಟೇ ಹಿಡಿಯಬೇಕು. ಸ್ಟ್ಯಾಕ್ 57 ಇರುವ ಫ್ರೇಮಿನಲ್ಲಿ ಎರಡೂವರೆ ಸೆಂ.ಮೀ. ಸ್ಪೇಸರ್ ಉಳಿಸಿಕೊಂಡರೆ ಹ್ಯಾಂಡಲ್ ನಿಮ್ಮ ಸೀಟಿಗಿಂತ 5-6 ಸೆಂ.ಮೀ. ಕೆಳಗೆ ನಿಲ್ಲುತ್ತದೆ. ಆಫೀಸಿನಲ್ಲಿ ಕುಳಿತು ಕೆಲಸ ಮಾಡುವ 43ರ ಬೆನ್ನಿಗೆ ಇದು ಹೆಚ್ಚೇನಲ್ಲ. ರೇಸ್ ಜಾತಿಯ 54ರಲ್ಲಿ ಇದೇ ಅಂತರ 8-9 ಸೆಂ.ಮೀ. ಆಗುತ್ತಿತ್ತು, ಅದನ್ನು ಕೊಳ್ಳಿ ಎಂದು ನಾನು ನಿಮಗೆ ಹೇಳುವುದಿಲ್ಲ.

ಇಷ್ಟೆಲ್ಲ ಲೆಕ್ಕ ನಿಂತಿರುವುದು ಆ 83ರ ಮೇಲೆ, ಹೀಗಾಗಿ ಅದನ್ನು ಇನ್ನೊಮ್ಮೆ ಅಳೆಯಿರಿ. ಪ್ಯಾಂಟಿನ ಒಳಹೊಲಿಗೆಯ ಅಳತೆ ಕೊಡುವವರೇ ಹೆಚ್ಚು, ಅದು ನಿಜವಾದ ಅಳತೆಗಿಂತ ಕೆಲವು ಸೆಂಟಿಮೀಟರ್ ಕಡಿಮೆ ಇರುತ್ತದೆ. ಬರಿಗಾಲಿನಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತು, ದಪ್ಪ ರಟ್ಟಿನ ಪುಸ್ತಕವೊಂದನ್ನು ತೊಡೆಗಳ ನಡುವೆ ಅಡ್ಡವಾಗಿ ಹಿಡಿದು, ಅದರ ಒಂದು ಅಂಚು ಗೋಡೆಗೆ ತಾಗಿರುವಂತೆ, ಸೀಟಿನ ಮೇಲೆ ಕುಳಿತಾಗ ಬೀಳುವಷ್ಟೇ ಒತ್ತಡ ಬೀಳುವವರೆಗೆ ಮೇಲಕ್ಕೆ ಒತ್ತಿರಿ; ಮನೆಯವರಲ್ಲಿ ಯಾರಾದರೂ ಪುಸ್ತಕದ ಮೇಲಂಚಿಗೆ ಪೆನ್ಸಿಲ್ ಗುರುತು ಹಾಕಿ, ಅಲ್ಲಿಂದ ನೆಲದವರೆಗೆ ಟೇಪ್ ಹಿಡಿಯಲಿ. ಒಂದೇ ಸಲಕ್ಕೆ ಬಿಡದೆ ಮೂರು ಸಲ ಅಳೆದು ಸರಾಸರಿ ತೆಗೆಯಿರಿ.

ಕೊಳ್ಳುವ ಮೊದಲು ಅಂಗಡಿಯ ಮುಂದೆ ಒಂದು ಸುತ್ತು ಹೊಡೆದು ಬರುವುದು ಸಾಲದು. ಸೀಟಿನ ಎತ್ತರ ಸರಿ ಮಾಡಿಸಿಕೊಂಡು, ಬೆಳಗಿನ ಹೊತ್ತು ಉಣಕಲ್ ಕಡೆಗೆ ಅರ್ಧ ಗಂಟೆಯಾದರೂ ಓಡಿಸಿ. ಕೈಗಳು ಬ್ರೇಕ್ ಲಿವರಿನ ರಬ್ಬರ್ ಹಿಡಿಕೆಯ ಮೇಲಿರುವಾಗ ಮೊಣಕೈ ತುಸು ಬಾಗಿರಬೇಕು, ಭುಜಗಳು ಕಿವಿಯ ಕಡೆಗೆ ಏರಿರಬಾರದು. ರಸ್ತೆಯ ಹಂಪಿನ ಮೇಲೆ ಹೋಗುವಾಗ ಮೊಣಕೈ ಮಡಚಿ ಪೆಟ್ಟು ತಡೆಯುತ್ತಿದೆಯೋ, ಅಥವಾ ಕೈ ನೆಟ್ಟಗಾಗಿ ಪೆಟ್ಟು ನೇರವಾಗಿ ಕುತ್ತಿಗೆಗೇ ಏರುತ್ತಿದೆಯೋ ಎಂದು ಗಮನಿಸಿ. ನೀವು ತಿಳಿಯದೆಯೇ ಕೈಗಳನ್ನು ಹಿಡಿಕೆಯಿಂದ ಹಿಂದಕ್ಕೆ, ಹ್ಯಾಂಡಲಿನ ಅಡ್ಡ ಭಾಗಕ್ಕೆ ಸರಿಸಿಕೊಳ್ಳುತ್ತಿದ್ದರೆ ಚಾಚು ಹೆಚ್ಚಾಗಿದೆ ಎಂದೇ ಅರ್ಥ. ಹ್ಯಾಂಡಲಿನ ಕೆಳಬಾಗನ್ನೂ ಹಿಡಿದು ನೋಡಿ. ಮಳೆಗಾಲದಲ್ಲಿ ಪಡುವಣ ಗಾಳಿ ಬೀಸುವಾಗ ಪಿ.ಬಿ. ರಸ್ತೆಯಲ್ಲಿ ಧಾರವಾಡದ ಏರು ಹತ್ತುವವರಿಗೆ ಆ ಕೆಳಬಾಗು ಬಹಳ ಉಪಯೋಗಕ್ಕೆ ಬರುತ್ತದೆ. ಬಹಳ ಜನ ಅದನ್ನು ಮುಟ್ಟದೆಯೇ ಸೈಕಲ್ ಮಾರುತ್ತಾರೆ, ಫ್ರೇಮ್ ಉದ್ದವಾಗಿರುವುದರಿಂದ ಅವರಿಗೆ ಅದು ಎಟಕುವುದೇ ಇಲ್ಲ.

ಚಾಚು ಹೆಚ್ಚೆನಿಸಿದಾಗ ಸೀಟನ್ನೇ ಮುಂದಕ್ಕೆ ತಳ್ಳಿ ಕೊಡುವ ಅಂಗಡಿಗಳಿವೆ. ಇದಕ್ಕೆ ಒಪ್ಪಬೇಡಿ. ಸೀಟು ಎಷ್ಟು ಹಿಂದಿರಬೇಕು ಎಂಬುದು ಮೊಣಕಾಲು ಮತ್ತು ಪೆಡಲಿನ ಸಂಬಂಧದಿಂದ ತೀರ್ಮಾನವಾಗಬೇಕೇ ಹೊರತು ಹ್ಯಾಂಡಲಿನ ದೂರದಿಂದಲ್ಲ; ಸೀಟು ಮುಂದೆ ಬಂದಷ್ಟೂ ಮೈಭಾರ ಅಂಗೈ ಮೇಲೆ ಬಿದ್ದು ಕಿರುಬೆರಳು ಜೋಮು ಹಿಡಿಯತೊಡಗುತ್ತದೆ. ಮೊಣಕಾಲಿನ ಮುಂಭಾಗ ನೋಯುತ್ತಿದ್ದರೆ ಸೀಟು ತಗ್ಗಾಗಿದೆಯೆಂದೂ, ಹಿಂಭಾಗ ನೋಯುತ್ತಿದ್ದರೆ ಅಥವಾ ಹಿಂದಿನಿಂದ ನೋಡುವವರಿಗೆ ಸೊಂಟ ಎಡಕ್ಕೂ ಬಲಕ್ಕೂ ಹೊಯ್ದಾಡುವುದು ಕಾಣುತ್ತಿದ್ದರೆ ಎತ್ತರವಾಗಿದೆಯೆಂದೂ ಸಾಮಾನ್ಯವಾಗಿ ತಿಳಿಯಬಹುದು. ಇವೆರಡೂ ಫ್ರೇಮಿನ ದೋಷವಲ್ಲ.

ಇನ್ನೊಂದು ಎಚ್ಚರಿಕೆ. ಸ್ಟೆಮ್ಮಿನ ಮೇಲೆ ಫೋರ್ಕಿನ (ಮುಂದಿನ ಚಕ್ರ ಹಿಡಿದಿರುವ ಕವೆಯ) ಪೈಪು ಎದ್ದು ಕಾಣುವುದು ಚಂದವಲ್ಲವೆಂದು ಮೆಕ್ಯಾನಿಕ್ ಮೊದಲ ದಿನವೇ ಗರಗಸ ಹಿಡಿದು ಬರಬಹುದು. ಒಮ್ಮೆ ಕೊಯ್ದ ಪೈಪು ಮತ್ತೆ ಬೆಳೆಯುವುದಿಲ್ಲ, ಹ್ಯಾಂಡಲ್ ಮೇಲಕ್ಕೆ ಬೇಕೆನಿಸಿದರೆ ಹೊಸ ಫೋರ್ಕೇ ಬೇಕಾಗುತ್ತದೆ. ಮೊದಲ ಕೆಲವು ತಿಂಗಳು ಸ್ಪೇಸರುಗಳು ಹಾಗೆಯೇ ಇರಲಿ. 56ರ ಮೇಲಿನ ರಿಯಾಯಿತಿಯ ಬಗ್ಗೆ ಹೇಳುವುದಾದರೆ, ಹೆಚ್ಚು ಮಾರಾಟವಾಗುವ ಅಳತೆಗಳು ಬೇಗ ಖಾಲಿಯಾಗಿ ಉಳಿದವು ರಿಯಾಯಿತಿಗೆ ಬೀಳುತ್ತವೆ. 54 ತರಿಸಿಕೊಡಲು ಹೇಳಿ ಕಾಯಿರಿ.

ಪ್ರಶ್ನೆ: ನನ್ನ ಎತ್ತರ 155 ಸೆಂ.ಮೀ., ಕಾಲಿನ ಒಳ ಅಳತೆ 72. ಅಂಗಡಿಯಲ್ಲಿ ಎಸ್ ಅಳತೆಯದು ಮಾತ್ರ ಇದೆ, ಸೀಟು ಪೂರ್ತಿ ಇಳಿಸಿದರೆ ಸಾಕು ಎನ್ನುತ್ತಾರೆ. ಮಹಿಳೆಯರಿಗೆಂದೇ ಬೇರೆ ಫ್ರೇಮ್ ಬೇಕೆ?
— ಓದುಗರು, ಗದಗ

ಉತ್ತರ: ಸೀಟು ಇಳಿಸಿದರೆ ಕಾಲು ಎಟಕುತ್ತದೆ, ಕೈ ಎಟಕುವುದಿಲ್ಲ. ನಿಮ್ಮ ಎತ್ತರಕ್ಕೆ ನೋಡಬೇಕಾದದ್ದು ಎಕ್ಸ್‌ಎಸ್, ಅಥವಾ 47ರಿಂದ 49 ಎಂದು ಬರೆದ ಫ್ರೇಮುಗಳನ್ನು. ಪ್ರತ್ಯೇಕ ಮಹಿಳಾ ಫ್ರೇಮಿನ ಅಗತ್ಯವಿಲ್ಲ, ಅಳತೆ ಸರಿಯಿದ್ದರೆ ಸಾಕು.

ಆದರೆ ಅತಿ ಸಣ್ಣ ಅಳತೆಗಳಲ್ಲಿ ಕಂಪನಿಗಳ ಒಂದು ಚಮತ್ಕಾರವಿದೆ, ಅದನ್ನು ತಿಳಿದಿರಿ. ಸಣ್ಣ ಫ್ರೇಮಿಗೂ ದೊಡ್ಡ ಫ್ರೇಮಿನ, 700 ಎಂಬ ಅಳತೆಯ ಚಕ್ರವನ್ನೇ ಕೂಡಿಸಬೇಕಾದಾಗ ಮುಂದಿನ ಚಕ್ರಕ್ಕೆ ಜಾಗ ಸಾಲುವುದಿಲ್ಲ. ಆಗ ಸೀಟಿನ ಪೈಪನ್ನು ಹೆಚ್ಚು ನೆಟ್ಟಗೆ ನಿಲ್ಲಿಸಿ, ಅಡ್ಡ ಪೈಪಿನ ಉದ್ದ ಕಡಿಮೆಯಾಗಿದೆ ಎಂದು ಪಟ್ಟಿಯಲ್ಲಿ ತೋರಿಸುತ್ತಾರೆ. ಕೋನ ಒಂದು ಡಿಗ್ರಿ ನೆಟ್ಟಗಾದರೆ ಸೀಟು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು ಮುಂದೆ ಬರುತ್ತದೆ. ನೀವು ಸೀಟನ್ನು ನಿಮ್ಮ ಮೊಣಕಾಲಿಗೆ ಒಪ್ಪುವ ಜಾಗಕ್ಕೆ ಹಿಂದಕ್ಕೆ ಸರಿಸಿದೊಡನೆ ಆ ಉಳಿತಾಯ ಮಾಯವಾಗುತ್ತದೆ. ಆದ್ದರಿಂದ ಎಸ್ ಮತ್ತು ಎಕ್ಸ್‌ಎಸ್‌ಗಳ ರೀಚ್ ಅಂಕಿಯನ್ನೇ ಹೋಲಿಸಿ. ಎರಡೂ ಒಂದೇ ಇದ್ದರೆ ಬೇರೆ ಮಾದರಿ ಹುಡುಕುವುದು ಲೇಸು.

ಕ್ರ್ಯಾಂಕ್, ಎಂದರೆ ಪೆಡಲ್ ಕೂಡಿಸಿದ ತೋಳು, 165 ಮಿ.ಮೀ. ಇರಲಿ, ಹ್ಯಾಂಡಲಿನ ಅಗಲ ಭುಜದ ಎಲುಬುಗಳ ಅಂತರಕ್ಕೆ ಹೊಂದುವ 38 ಸೆಂ.ಮೀ. ಆಸುಪಾಸಿನದಿರಲಿ. ಬ್ರೇಕ್ ಲಿವರು ಬೆರಳಿಗೆ ದೂರವೆನಿಸಿದರೆ, ಹಲವು ಲಿವರುಗಳಲ್ಲಿ ಅದನ್ನು ಹತ್ತಿರ ತರುವ ಸಣ್ಣ ಸ್ಕ್ರೂ ಇರುತ್ತದೆ, ಕೇಳಿ ಮಾಡಿಸಿಕೊಳ್ಳಿ. ನಿಧಾನವಾಗಿ ಹ್ಯಾಂಡಲ್ ಪೂರ್ತಿ ತಿರುಗಿಸಿದಾಗ ಶೂ ತುದಿ ಮುಂದಿನ ಚಕ್ರಕ್ಕೆ ತಾಗುವುದು ಇಂಥ ಫ್ರೇಮುಗಳಲ್ಲಿ ಸಾಮಾನ್ಯ. ವೇಗದಲ್ಲಿ ಹೋಗುವಾಗ ಹ್ಯಾಂಡಲ್ ಅಷ್ಟು ತಿರುಗುವುದಿಲ್ಲ; ಸಂತೆಯ ಗದ್ದಲದಲ್ಲಿ ತಿರುಗುವಾಗ ಮಾತ್ರ ಜಾಗ್ರತೆ.

ಪ್ರಶ್ನೆ: ನಾನು ಕಾಲೇಜು ವಿದ್ಯಾರ್ಥಿ, ಎತ್ತರ 168 ಸೆಂ.ಮೀ. ಅಪ್ಪನ ಹಳೆಯ 22 ಇಂಚಿನ ಸೈಕಲ್ ನನಗೆ ಸರಿಯಾಗಿ ಹೊಂದುತ್ತದೆ. 22 ಇಂಚು ಎಂದರೆ 56 ಸೆಂ.ಮೀ. ಆಯಿತಲ್ಲ, ಹಾಗಾದರೆ 56ರ ರೋಡ್ ಬೈಕ್ ಕೊಳ್ಳಬಹುದೇ? ಚಕ್ರವೂ ಒಂದೇ ಇರುವಂತೆ ಕಾಣುತ್ತದೆ.
— ಓದುಗರು, ಹಾವೇರಿ

ಉತ್ತರ: ಗುಣಾಕಾರ ಸರಿಯಿದೆ, ತೀರ್ಮಾನ ಸರಿಯಿಲ್ಲ. ಅಪ್ಪನ ಸೈಕಲ್ಲಿನಲ್ಲಿ ಸೀಟಿನ ಪೈಪು ಬಹಳ ಹಿಂದಕ್ಕೆ ವಾಲಿದೆ, ಹ್ಯಾಂಡಲಿನ ಹಿಡಿಕೆಗಳು ನಿಮ್ಮ ಕಡೆಗೇ ಬಾಗಿ ಬರುತ್ತವೆ, ಬೆನ್ನು ನೆಟ್ಟಗಿಟ್ಟು ಕುಳಿತುಕೊಳ್ಳುತ್ತೀರಿ. ಹೀಗಾಗಿ ಅಲ್ಲಿ ಫ್ರೇಮ್ ಎಷ್ಟು ಉದ್ದವಾಗಿದ್ದರೂ ಕೈಗೆ ಬಾಧೆಯಾಗುವುದಿಲ್ಲ. ರೋಡ್ ಬೈಕಿನಲ್ಲಿ ಹಿಡಿಕೆ ಸ್ಟೆಮ್ಮಿನಿಂದ ಇನ್ನೂ ಮುಂದಕ್ಕೆ ಚಾಚಿರುತ್ತದೆ. 168 ಸೆಂ.ಮೀ. ಎತ್ತರಕ್ಕೆ 52ರಿಂದ ನೋಡಲು ಆರಂಭಿಸಿ, ಕೈ ಮತ್ತು ಮುಂಡ ಉದ್ದವಿದ್ದರೆ 54ನ್ನೂ ಓಡಿಸಿ ನೋಡಿ. 56 ಬೇಡ.

ಚಕ್ರಗಳೂ ಒಂದೇ ಅಲ್ಲ. 28×1½ ಎಂದು ಬರೆದ ಹಳೆಯ ಸೈಕಲ್ಲಿನ ಟೈರು ಕೂರುವ ರಿಮ್ಮಿನ ವ್ಯಾಸ 635 ಮಿ.ಮೀ., ರೋಡ್ ಬೈಕಿನ 700 ಅಳತೆಯ ರಿಮ್ಮಿನದು 622 ಮಿ.ಮೀ. ಮನೆಯಲ್ಲಿರುವ ಹಳೆಯ ಟೈರು ಹೊಸ ಸೈಕಲ್ಲಿಗೆ ನಡೆಯುತ್ತದೆಂದು ಎತ್ತಿಡಬೇಡಿ.