ಎಲೆಗೆ ಬೇರು ಬಂತು, ಚಿಗುರೇಕೆ ಬರಲಿಲ್ಲ?

ಪ್ರಶ್ನೆ: ರೆಕ್ಸ್ ಬೆಗೋನಿಯಾ ಎಲೆಯ ತುಂಡುಗಳನ್ನು ಬೇರು ಬರಿಸುವ ಹಾರ್ಮೋನ್ ಪುಡಿಯಲ್ಲಿ ಅದ್ದಿ ನೆಟ್ಟು ಮೂರು ತಿಂಗಳಾಯಿತು. ಕಿತ್ತು ನೋಡಿದರೆ ದಟ್ಟ ಬೇರು, ಒಂದೂ ಚಿಗುರಿಲ್ಲ. ಮನಿ ಪ್ಲಾಂಟ್ ಎಲೆಯದೂ ಇದೇ ಕಥೆ. ಪುಡಿ ಇನ್ನಷ್ಟು ಹಾಕಬೇಕೇ?

ಉತ್ತರ: ಬೇಡ. ಬಹುಶಃ ಪುಡಿ ಹೆಚ್ಚಾದದ್ದೇ ತೊಂದರೆ. ಅದರಲ್ಲಿರುವುದು ಸಾಮಾನ್ಯವಾಗಿ ಐಬಿಎ, ಆಕ್ಸಿನ್ ಗುಂಪಿನ ಹಾರ್ಮೋನ್. ಅದು ಬೇರು ತರಿಸುತ್ತದೆ, ಚಿಗುರನ್ನು ತಡೆಯುತ್ತದೆ. ಚಿಗುರಿಗೆ ಬೇಕಾದದ್ದು ಸೈಟೊಕೈನಿನ್ ಎಂಬ ಇನ್ನೊಂದು ಗುಂಪಿನ ಹಾರ್ಮೋನ್. ಆಕ್ಸಿನ್ ಮೇಲುಗೈಯಾದರೆ ಬೇರು, ಸೈಟೊಕೈನಿನ್ ಮೇಲುಗೈಯಾದರೆ ಚಿಗುರು ಎಂಬುದನ್ನು ವಿಜ್ಞಾನಿಗಳಾದ ಸ್ಕೂಗ್ ಮತ್ತು ಮಿಲ್ಲರ್ 1957ರಲ್ಲೇ ತಂಬಾಕಿನ ಅಂಗಾಂಶದಲ್ಲಿ ತೋರಿಸಿದ್ದರು. ಕಾಂಡದ ಕಡ್ಡಿ ನೆಟ್ಟಾಗ ಈ ಚಿಂತೆ ಇಲ್ಲ, ಗೆಣ್ಣಿನಲ್ಲಿ ಮೊಗ್ಗು ಮೊದಲೇ ಇರುತ್ತದೆ. ಎಲೆ ತುಂಡು ಮೊಗ್ಗನ್ನೂ ಹೊಸದಾಗಿ ಕಟ್ಟಿಕೊಳ್ಳಬೇಕು.

ಬೆಗೋನಿಯಾ, ಆಫ್ರಿಕನ್ ವಯೊಲೆಟ್ ಎಲೆಗಳಿಗೆ ಹಾರ್ಮೋನ್ ಇಲ್ಲದೆಯೂ ಬೇರು ಬರುತ್ತದೆ. ಹಾಕಲೇಬೇಕೆಂದರೆ 0.1 ಶೇಕಡಾ, ಅಂದರೆ 1000 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 1000 ಭಾಗ) ಐಬಿಎ ಇರುವ ಪುಡಿ ಸಾಕು. 0.3, 0.8 ಶೇಕಡಾದವು ಗಟ್ಟಿ ಕಡ್ಡಿಗಳಿಗೆ. ಪುಡಿಯನ್ನು ಬೇರೆ ಬಟ್ಟಲಿಗೆ ಸ್ವಲ್ಪ ಸುರಿದುಕೊಂಡು, ಕತ್ತರಿಸಿದ ಅಂಚನ್ನು ಮಾತ್ರ ಮುಟ್ಟಿಸಿ, ಕೊಡವಿ. ಒದ್ದೆ ಎಲೆಯನ್ನು ಡಬ್ಬಿಗೇ ಅದ್ದಿದರೆ ಉಳಿದ ಪುಡಿಯೂ ಹಾಳು.

ಬೆಗೋನಿಯಾಗೆ ಬಲಿತ, ಮುಪ್ಪಾಗದ ಎಲೆ ಆರಿಸಿ. ಪ್ರತಿ ತುಂಡಿನಲ್ಲೂ ಒಂದು ದಪ್ಪ ನರ ಇರಲಿ. ತೊಟ್ಟಿನ ಕಡೆಯ ತುದಿಯನ್ನು ಅರ್ಧ ಕೊಕೊಪೀಟ್, ಅರ್ಧ ಪರ್ಲೈಟ್ (ಹಗುರವಾದ ಬಿಳಿ ಖನಿಜದ ಕಾಳು) ಮಿಶ್ರಣದಲ್ಲಿ 1 ಸೆಂಮೀ ಊರಿ. ಮೇಲೆ ಪಾರದರ್ಶಕ ಡಬ್ಬಿ ಮುಚ್ಚಿ, ದಿನಕ್ಕೊಮ್ಮೆ ಗಾಳಿ ಕೊಡಿ, ಇಲ್ಲವಾದರೆ ಬೂಸು. ಉಷ್ಣತೆ 20ರಿಂದ 22 ಡಿಗ್ರಿ ಇದ್ದರೆ ಮೊಗ್ಗಿಗೆ ಅನುಕೂಲ, ಸೆಖೆ ಹೆಚ್ಚಾದಷ್ಟೂ ಬೇರಿನತ್ತ ವಾಲುತ್ತದೆ. ಕರಾವಳಿಯವರು ಏಪ್ರಿಲ್‌ನಲ್ಲಿ ಇದಕ್ಕೆ ಕೈ ಹಾಕದಿರುವುದೇ ಲೇಸು.

ಈಗಿರುವ ತುಂಡುಗಳನ್ನು ಎಸೆಯಬೇಡಿ. ಬೇರಿನ ಭಾಗ ಕತ್ತರಿಸಿ ತೆಗೆದು, ಪುಡಿ ಮುಟ್ಟಿಸದೆ ಮತ್ತೆ ನೆಡಿ. ಪ್ರಯೋಗದ ಉತ್ಸಾಹವಿದ್ದರೆ ಸೈಟೊಕೈನಿನ್ ಆದ ಬೆಂಜೈಲ್ ಅಡಿನಿನ್ ಬಳಸಬಹುದು: 1000 ಪಿಪಿಎಂ ದ್ರಾವಣದ 1 ಭಾಗಕ್ಕೆ 9 ಭಾಗ ನೀರು ಬೆರೆಸಿದರೆ 100 ಪಿಪಿಎಂ. ಕೈಗವಸು ಹಾಕಿ, ಒಂದೇ ಸಲ ಸಿಂಪಡಿಸಿ, ಕೆಲವು ತುಂಡುಗಳನ್ನು ಹೋಲಿಕೆಗೆ ಹಾಗೇ ಬಿಡಿ. ಅತಿಯಾದರೆ ಉದ್ದವಾಗದ ಪುಟ್ಟ ಚಿಗುರುಗಳು ಗುಂಪುಗುಂಪಾಗಿ ನಿಲ್ಲುತ್ತವೆ, ಬೇರೂ ತಡವಾಗುತ್ತದೆ. ಬೆಂಜೈಲ್ ಅಡಿನಿನ್ ಅನ್ನು ಪುಡಿಯಾಗಿಯೇ ಖರೀದಿಸಿದರೆ ಅದು ನೇರವಾಗಿ ನೀರಲ್ಲಿ ಕರಗುವುದಿಲ್ಲ. ಮಿಲಿಗ್ರಾಂ ತೂಗುವ ತಕ್ಕಡಿ ಇಲ್ಲದವರಿಗೆ ಸಿದ್ಧ ದ್ರಾವಣವೇ ವಾಸಿ.

ಮನಿ ಪ್ಲಾಂಟ್ ವಿಷಯ ಬೇರೆ. ಗೆಣ್ಣಿಲ್ಲದ ಬರೀ ಎಲೆ ಬೇರು ಬಿಟ್ಟು ತಿಂಗಳುಗಟ್ಟಲೆ ಹಸಿರಾಗಿರುತ್ತದೆ, ಬಳ್ಳಿಯಾಗುವುದಿಲ್ಲ. ಯಾವ ಪುಡಿಯೂ ಅದಕ್ಕೆ ಮದ್ದಲ್ಲ. ಹೃದಯಾಕಾರದ ಹೋಯಾ ಎಂದು ಕುಂಡದಲ್ಲಿ ಒಂಟಿ ಎಲೆ ಮಾರುತ್ತಾರಲ್ಲ, ಅದರ ಗತಿಯೂ ಸಾಮಾನ್ಯವಾಗಿ ಇದೇ.

ಪ್ರಶ್ನೆ: ಹಳದಿ ಅಂಚಿನ ಸ್ನೇಕ್ ಪ್ಲಾಂಟ್ ಎಲೆ ತುಂಡಿನಿಂದ ಬಂದ ಮರಿಗಳೆಲ್ಲ ಪೂರ್ತಿ ಹಸಿರು. ಹಾರ್ಮೋನ್ ಕಾರಣವೇ?

ಉತ್ತರ: ಅಲ್ಲ. ಆ ಅಂಚು ಬೇರೆ ಬಗೆಯ ಜೀವಕೋಶಗಳ ಪದರ. ಎಲೆ ತುಂಡಿನಲ್ಲಿ ಹೊಸ ಮೊಗ್ಗು ಹುಟ್ಟುವಾಗ ಪದರಗಳ ಆ ಜೋಡಣೆ ಉಳಿಯುವುದಿಲ್ಲ. ಹಳದಿ ಅಂಚು ಬೇಕಿದ್ದರೆ ಬುಡದ ಮರಿಯನ್ನು ಬೇರುಸಮೇತ ಬಿಡಿಸಿ ನೆಡಿ.