ನೂರು ವರ್ಷ ದಾಟಿದ ಶಾಲೆಯ ದುರಸ್ತಿಗೆ ಚಿತ್ರಗಳ ಮುದ್ರಿತ ಪ್ರತಿಗಳನ್ನು ಮಾರಿ ಹಣ ಕೂಡಿಸಬಹುದೇ?

ಚಿತ್ರದುರ್ಗದ ಹಳೆಯ ಊರಿನಲ್ಲಿರುವ, ನೂರು ವರ್ಷ ದಾಟಿದ ಸರ್ಕಾರಿ ಪ್ರಾಥಮಿಕ ಶಾಲೆಯ ಮಾಡು ಸೋರುತ್ತಿದೆಯೆಂದೂ, ಆ ಕಟ್ಟಡದ ಚಿತ್ರಗಳನ್ನು ಬರೆಸಿ ಅವುಗಳ ಮುದ್ರಿತ ಪ್ರತಿಗಳನ್ನು ಮಾರಿ ದುರಸ್ತಿಗೆ ಹಣ ಹೊಂದಿಸಬಹುದೇ ಎಂದೂ ನೀವು ಕೇಳಿದ್ದೀರಿ. ಖಂಡಿತ ಹೊಂದಿಸಬಹುದು. ದಾವಣಗೆರೆಯಲ್ಲಿ ಚಿತ್ರಕಲಾ ಶಿಕ್ಷಕನಾಗಿರುವ ನಾನು, ನಾನು ಓದಿದ ಹಳ್ಳಿಯ ಶಾಲೆಗಾಗಿ ಹಳೆಯ ವಿದ್ಯಾರ್ಥಿಗಳ ಜೊತೆ ಸೇರಿ ಇದೇ ಕೆಲಸವನ್ನು ಮಾಡಿದ್ದೇನೆ. ಚಿತ್ರಗಳ ಮಾರಾಟದಿಂದಲೇ ದುರಸ್ತಿಯ ಪೂರ್ತಿ ಖರ್ಚು ಹುಟ್ಟುವುದಿಲ್ಲ. ಆದರೆ ಊರು ಬಿಟ್ಟುಹೋದವರ ಮನಸ್ಸನ್ನು ಶಾಲೆಯ ಕಡೆಗೆ ತಿರುಗಿಸಲು ಇದಕ್ಕಿಂತ ಒಳ್ಳೆಯ ದಾರಿಯನ್ನು ನಾನು ಕಂಡಿಲ್ಲ, ಮತ್ತು ದೊಡ್ಡ ಮೊತ್ತ ಬರುವುದು ಆಮೇಲೆ ಅವರಿಂದಲೇ.

ಲೆಕ್ಕವನ್ನು ಮೊದಲೇ ಮಾಡಿಕೊಳ್ಳಿ. ಉದಾಹರಣೆಗೆ, ಎ3 ಅಳತೆಯ ಒಂದು ಪ್ರತಿಯನ್ನು ಒಳ್ಳೆಯ ಕಾಗದದ ಮೇಲೆ ಮುದ್ರಿಸಲು 350 ರೂಪಾಯಿ, ಕಟ್ಟಿ ಕಳುಹಿಸಲು 100 ರೂಪಾಯಿ ತಗಲುತ್ತದೆ ಎಂದಿಟ್ಟುಕೊಳ್ಳೋಣ. 1,200 ರೂಪಾಯಿಗೆ ಮಾರಿ, ಕಲಾವಿದರಿಗೆ ನೂರಕ್ಕೆ ಹತ್ತರಂತೆ 120 ರೂಪಾಯಿ ಕೊಟ್ಟರೆ ಶಾಲೆಗೆ ಉಳಿಯುವುದು 630 ರೂಪಾಯಿ. ನೂರು ಪ್ರತಿ ಮಾರಿದರೆ 63,000. ಈ ಹಣದಲ್ಲಿ ಒಂದು ಕೋಣೆಯ ಕಿಟಕಿ ಬಾಗಿಲುಗಳನ್ನು ಸರಿಪಡಿಸಬಹುದೇ ಹೊರತು ಇಡೀ ಮಾಡನ್ನು ಬಿಚ್ಚಿ ಕಟ್ಟಲಾಗದು. ಆದ್ದರಿಂದ ‘ಶಾಲೆಯ ಜೀರ್ಣೋದ್ಧಾರಕ್ಕಾಗಿ’ ಎಂದು ಸಾಮಾನ್ಯವಾಗಿ ಬರೆಯುವ ಬದಲು, ಈ ಚಿತ್ರದ ಹಣ ಪೂರ್ವದ ಕೋಣೆಯ ಕಿಟಕಿಗಳಿಗೆ, ಆ ಚಿತ್ರದ ಹಣ ಜಗುಲಿಯ ಹೆಂಚಿಗೆ ಎಂದು ಒಂದೊಂದು ಚಿತ್ರವನ್ನೂ ಒಂದೊಂದು ಕೆಲಸಕ್ಕೆ ಗಂಟು ಹಾಕಿ. ಕೊಂಡವರಿಗೆ ತಮ್ಮ ಹಣ ಎಲ್ಲಿ ಕುಳಿತಿದೆಯೆಂದು ಬೆರಳಿಟ್ಟು ತೋರಿಸುವಂತಿರಬೇಕು. ಕಲಾವಿದರ ಪಾಲನ್ನು ಕೈಬಿಡಬೇಡಿ; ಅವರು ತಾವಾಗಿಯೇ ಬೇಡವೆಂದರೆ ಅದು ಅವರ ದೊಡ್ಡತನ, ಸೇವೆಯೆಂದು ಹೇಳಿ ಪುಕ್ಕಟೆ ಬರೆಸುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಯಾವ ಚಿತ್ರ ಬರೆಸಬೇಕು ಎಂಬುದೇ ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಎಲ್ಲರಿಗೂ ಮೊದಲು ಹೊಳೆಯುವುದು ಎದುರಿನಿಂದ ಕಾಣುವ ಇಡೀ ಕಟ್ಟಡ, ಹಿನ್ನೆಲೆಯಲ್ಲಿ ಕೋಟೆಯ ಬೆಟ್ಟ. ಅಂಥದ್ದೊಂದು ಇರಲಿ, ಊರಿನ ಪರಿಚಯವಿಲ್ಲದವರು ಅದನ್ನೇ ಕೊಳ್ಳುತ್ತಾರೆ. ಆದರೆ ಆ ಶಾಲೆಯಲ್ಲಿ ಓದಿದವರ ಕೈ ಹೋಗುವುದು ಬೇರೆ ಚಿತ್ರಗಳ ಕಡೆಗೆ. ನಮ್ಮ ಶಾಲೆಯಲ್ಲಿ ಗಂಟೆಯ ಬದಲು ಬೇವಿನ ಮರಕ್ಕೆ ರೈಲು ಕಂಬಿಯ ತುಂಡೊಂದನ್ನು ತಂತಿಯಿಂದ ಬಿಗಿದು ನೇತುಹಾಕಿದ್ದರು. ಅದನ್ನು ಬಾರಿಸುವ ಕಬ್ಬಿಣದ ಸರಳು ಪಕ್ಕದ ಗೋಡೆಯ ಗೂಡಿನಲ್ಲಿರುತ್ತಿತ್ತು, ಮತ್ತು ತಲೆಮಾರುಗಳ ಪೆಟ್ಟು ತಿಂದು ಕಂಬಿಯ ಒಂದು ಮಗ್ಗುಲು ಬೆಳ್ಳಗೆ ಹೊಳೆಯುತ್ತಿತ್ತು. ಆ ಕಂಬಿಯ ಜಲವರ್ಣ ಚಿತ್ರದ ಪ್ರತಿಗಳು ಉಳಿದೆಲ್ಲವುಗಳಿಗಿಂತ ಮೊದಲು ಖರ್ಚಾದವು. ಪ್ರದರ್ಶನಕ್ಕೆ ಬಂದಿದ್ದ ಹಿರಿಯರೊಬ್ಬರು ಅದರ ಮುಂದೆ ನಿಂತು, ಸರಳು ಇಡುತ್ತಿದ್ದ ಗೂಡನ್ನು ಕಲಾವಿದರು ಬಿಡದೆ ಬರೆದಿದ್ದಾರೆಂದು ಪಕ್ಕದವರಿಗೆ ತೋರಿಸುತ್ತಿದ್ದರು. ಅವರು ಪ್ರತಿಯನ್ನು ಕೊಂಡದ್ದು ಮಾತ್ರವಲ್ಲ, ಬೆಂಗಳೂರಿನಲ್ಲಿರುವ ತಮ್ಮ ಓರಗೆಯವರಿಗೆಲ್ಲ ಫೋನು ಮಾಡಿದರು. ಹಾಗೆಯೇ, ಮಾಡಿನಿಂದ ಇಳಿಸಿದ ಮಂಗಳೂರು ಹೆಂಚನ್ನು ಮಗುಚಿದರೆ ಒಳಮೈಯಲ್ಲಿ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಬಾಸೆಲ್ ಮಿಶನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಈ ಕಸುಬು ಬಯಲುಸೀಮೆಯ ಶಾಲೆಯ ಮಾಡಿನವರೆಗೆ ಬಂದ ಕಥೆಯನ್ನು ಒಂದೇ ಒಂದು ಹೆಂಚು ಹೇಳುತ್ತದೆ; ಅಂಚೆ ಕಾರ್ಡಿನ ಅಳತೆಯಲ್ಲಿ ಅದನ್ನು ಮುದ್ರಿಸಿ ಕಡಿಮೆ ಬೆಲೆಗೆ ಇಟ್ಟರೆ ಮಕ್ಕಳೂ ಕೊಳ್ಳಬಲ್ಲರು.

ಮುದ್ರಣದ ವಿಷಯದಲ್ಲಿ ಅವಸರ ಬೇಡ. ಫ್ಲೆಕ್ಸ್ ಅಂಗಡಿಯಲ್ಲಿ ಹೊಳಪಿನ ಕಾಗದದ ಮೇಲೆ ತೆಗೆಸಿದ ಪ್ರತಿ ಅಗ್ಗವಾದರೂ, ಬಿಸಿಲು ಬೀಳುವ ಗೋಡೆಯ ಮೇಲೆ ಬಹಳ ಕಾಲ ಬಣ್ಣ ಹಿಡಿದುಕೊಳ್ಳುವುದಿಲ್ಲ. ಆಮ್ಲರಹಿತ ಹತ್ತಿಯ ಕಾಗದದ ಮೇಲೆ ಬೇಗ ಮಾಸದ ಪಿಗ್ಮೆಂಟ್ ಶಾಯಿಯಲ್ಲಿ ಮುದ್ರಿಸುವ ಅಂಗಡಿಗಳು ಬೆಂಗಳೂರಿನಲ್ಲಿವೆ, ಅಲ್ಲಿಗೇ ಕಳುಹಿಸಿ. ಎ3 ಅಳತೆಗೆ ಅಂಗುಲಕ್ಕೆ 300 ಚುಕ್ಕಿಗಳ ಲೆಕ್ಕದಲ್ಲಿ ಸುಮಾರು 3,508ಕ್ಕೆ 4,961 ಪಿಕ್ಸೆಲ್‌ಗಳ ಸ್ಕ್ಯಾನ್ ಬೇಕು. ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ಅಂಚುಗಳು ಬಾಗಿ, ಕಾಗದದ ಬಿಳುಪು ಹಳದಿಗೆ ತಿರುಗಿರುತ್ತದೆ. ಮೊದಲು ಒಂದು ಮಾದರಿ ಪ್ರತಿಯನ್ನು ತರಿಸಿ, ಮೂಲ ಚಿತ್ರದ ಪಕ್ಕದಲ್ಲಿಟ್ಟು ಹಗಲು ಬೆಳಕಿನಲ್ಲಿ ನೋಡಿ. ಹೆಂಚಿನ ಕೆಂಪು ಮತ್ತು ದುರ್ಗದ ಬಂಡೆಯ ಬೂದು ಬಣ್ಣ ಸರಿಯಾಗಿ ಬಂದಿದ್ದರೆ ಉಳಿದ ಬಣ್ಣಗಳ ಬಗ್ಗೆ ಚಿಂತೆಯಿಲ್ಲ. ನೂರೇ ಪ್ರತಿ ಎಂದು ಹೇಳಿದ ಮೇಲೆ ನೂರೇ ಆಗಬೇಕು. ಪ್ರತಿಯೊಂದರ ಕೆಳಗೆ ಕಲಾವಿದರು ಪೆನ್ಸಿಲ್ಲಿನಲ್ಲಿ ಕ್ರಮಸಂಖ್ಯೆ ಬರೆದು ಸಹಿ ಹಾಕಲಿ.

ಮೂಲ ಚಿತ್ರವನ್ನು ನೀವು ಕೊಂಡ ಮಾತ್ರಕ್ಕೆ ಅದನ್ನು ಮುದ್ರಿಸುವ ಹಕ್ಕು ಸಿಗುವುದಿಲ್ಲವೆಂಬುದು ಬಹಳ ಜನರಿಗೆ ತಿಳಿದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಆ ಹಕ್ಕನ್ನು ಲಿಖಿತವಾಗಿ ವಹಿಸಿಕೊಡಬೇಕು, ಮತ್ತು ಪತ್ರದಲ್ಲಿ ಅವಧಿ ನಮೂದಾಗಿರದಿದ್ದರೆ ಅದನ್ನು ಐದು ವರ್ಷವೆಂದೇ ಪರಿಗಣಿಸಲಾಗುತ್ತದೆ. ಎಷ್ಟು ಪ್ರತಿ, ಎಷ್ಟು ವರ್ಷ, ಯಾವ ಉದ್ದೇಶ ಎಂಬ ಮೂರನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿದರೆ ಸಾಕು. ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದ ವಿದ್ಯಾರ್ಥಿಗಳಿಂದ ಬರೆಸುವುದಾದರೆ ಈ ಪತ್ರ ಇನ್ನೂ ಅಗತ್ಯ, ಏಕೆಂದರೆ ಅವರ ಬದುಕು ಇನ್ನು ಮುಂದೆ ಇದೇ ಹಕ್ಕಿನ ಮೇಲೆ ನಿಲ್ಲಬೇಕಾಗಿದೆ.

ಹಣದ ವಿಷಯದಲ್ಲಿ ಯಾರೊಬ್ಬರ ಸ್ವಂತ ಖಾತೆಯನ್ನೂ ಬಳಸಬೇಡಿ. ಹಳೆಯ ವಿದ್ಯಾರ್ಥಿಗಳ ಸಂಘ ನೋಂದಣಿಯಾಗಿದ್ದರೆ ಅದರ ಖಾತೆ, ಇಲ್ಲವಾದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯ ಒಪ್ಪಿಗೆ ಪಡೆದು ಅವರು ಹೇಳುವ ಖಾತೆ. ಚಿತ್ರ ಪಡೆದು ಕೊಡುವ ಹಣ ಖರೀದಿಯೇ ಹೊರತು ದೇಣಿಗೆಯಲ್ಲ, ಆದ್ದರಿಂದ ಅದಕ್ಕೆ ಆದಾಯ ತೆರಿಗೆ ವಿನಾಯಿತಿಯ ಆಸೆ ತೋರಿಸಬಾರದು. ಹೊರರಾಜ್ಯಕ್ಕೆ ಕಳುಹಿಸಿ ಮಾರುವುದಾದರೆ ಜಿಎಸ್‌ಟಿ ನಿಯಮ ಬೇರೆಯಾಗುವುದರಿಂದ ಆಡಿಟರ್ ಒಬ್ಬರನ್ನು ಮೊದಲೇ ಕೇಳಿಕೊಳ್ಳಿ.

ಕಟ್ಟಡ ಶಿಕ್ಷಣ ಇಲಾಖೆಗೆ ಸೇರಿದ್ದಾದ್ದರಿಂದ, ಮುಖ್ಯೋಪಾಧ್ಯಾಯರ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಕಚೇರಿಗೆ ಅರ್ಜಿ ಕೊಟ್ಟು ಎಂಜಿನಿಯರರಿಂದ ಅಂದಾಜು ಪಟ್ಟಿ ಮಾಡಿಸದೆ ಒಂದು ಹೆಂಚನ್ನೂ ಮುಟ್ಟುವಂತಿಲ್ಲ. ನಿಮ್ಮ ಊರಿಗೆ ಇನ್ನೊಂದು ಕಟ್ಟಳೆಯೂ ಇದೆ. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ. ಅಂಥ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ಶಾಲೆ ಈ ವ್ಯಾಪ್ತಿಯೊಳಗೆ ಬಂದರೆ ದುರಸ್ತಿಗೂ ಸಕ್ಷಮ ಪ್ರಾಧಿಕಾರದ ಅನುಮತಿ ಬೇಕು. ಇದಕ್ಕೆ ಸಮಯ ಹಿಡಿಯುವುದರಿಂದ ಚಿತ್ರ ಬರೆಸುವಾಗಲೇ ಅರ್ಜಿ ಹಾಕಿಬಿಡಿ.

ಕೂಡಿಸಿದ ಹಣವನ್ನು ಸಿಮೆಂಟಿಗೆ ಸುರಿಯಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೆಯ ಗೋಡೆ ನೆಲದಿಂದ ಏರಿದ ತೇವವನ್ನು ತನ್ನ ಮೈಯಿಂದಲೇ ಹೊರಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟು ಗಿಲಾವು ಮೆತ್ತಿದರೆ ತೇವ ಒಳಗೇ ಸಿಕ್ಕಿಕೊಂಡು, ಉಪ್ಪು ಹೂವಾಗಿ ಅರಳಿ, ಕೆಲವೇ ವರ್ಷಗಳಲ್ಲಿ ಗಿಲಾವು ಚಕ್ಕೆಚಕ್ಕೆಯಾಗಿ ಉದುರುತ್ತದೆ. ಹಾಳಾದ ತೊಲೆ, ರೀಪುಗಳನ್ನಷ್ಟೇ ಬದಲಿಸಿ, ಗಟ್ಟಿಯಿರುವ ಹಳೆಯ ಹೆಂಚುಗಳನ್ನು ಮತ್ತೆ ಹೊದಿಸಿ, ಗೋಡೆಗೆ ಸುಣ್ಣದ ಗಾರೆಯನ್ನೇ ಬಳಸುವ ಮೇಸ್ತ್ರಿಯನ್ನು ಹುಡುಕಿ. ಅವರಿಗೂ ನಿಮ್ಮ ಕಲಾವಿದರ ಚಿತ್ರಗಳು ಉಪಯೋಗಕ್ಕೆ ಬರುತ್ತವೆ: ಸೂರಿನ ಮರದ ಪಟ್ಟಿಯ ಕೊರೆತ ಹೇಗಿತ್ತು, ಕಿಟಕಿಯ ಕಮಾನು ಎಲ್ಲಿಂದ ಬಾಗಿತ್ತು ಎಂಬುದು ಬಿಚ್ಚಿದ ಮೇಲೆ ಯಾರ ನೆನಪಿನಲ್ಲೂ ಉಳಿದಿರುವುದಿಲ್ಲ.

ಮೂಲ ಚಿತ್ರಗಳನ್ನು ಮಾತ್ರ ಹರಾಜಿಗೆ ಇಡಿ. ನಾಯಕನಹಟ್ಟಿಯ ತೇರಿನಲ್ಲಿ ತೇರಿನ ಮುಕ್ತಿ ಬಾವುಟವನ್ನು ಹರಾಜಿನಲ್ಲಿ ಲಕ್ಷಗಟ್ಟಲೆ ಕೂಗಿ ಕೊಳ್ಳುವ ಸೀಮೆ ನಮ್ಮದು; ಒಂದೇ ಒಂದು ಇರುವ ವಸ್ತುವಿಗೆ, ಅದರ ಹಣ ಒಳ್ಳೆಯ ಕಡೆ ಹೋಗುತ್ತದೆಂಬ ನಂಬಿಕೆಯಿದ್ದರೆ, ಇಲ್ಲಿನ ಜನ ಹಿಂಜರಿಯದೆ ಬೆಲೆ ಕಟ್ಟುತ್ತಾರೆ. ಮಾಡಿನ ಕೆಲಸಕ್ಕೆ ಏಪ್ರಿಲ್, ಮೇ ತಿಂಗಳ ರಜೆಯೊಂದೇ ಬಿಡುವು, ಮುಂಗಾರಿಗೆ ಮುಂಚೆ ಹೆಂಚು ಹೊದಿಸಿ ಮುಗಿಯಬೇಕು. ಹಾಗಾಗಿ ಮಳೆಗಾಲದಲ್ಲೇ ಚಿತ್ರ ಬರೆಸಿ, ರಾಜ್ಯೋತ್ಸವದ ಹೊತ್ತಿಗೆ ಪ್ರತಿಗಳನ್ನು ಮಾರಾಟಕ್ಕೆ ತಂದು, ಸಂಕ್ರಾಂತಿಗೆ ಊರಿಗೆ ಬಂದವರನ್ನು ಶಾಲೆಯ ಅಂಗಳಕ್ಕೇ ಕರೆಸಿ ಹರಾಜು ನಡೆಸಿದರೆ, ಮರ ಮತ್ತು ಸುಣ್ಣಕ್ಕೆ ಮುಂಗಡ ಕೊಡಲು ಫೆಬ್ರವರಿಯ ಒಳಗೆ ನಿಮ್ಮ ಕೈಯಲ್ಲಿ ಹಣವಿರುತ್ತದೆ.