ಗೋಲಿಗಿಂತ ಮೊದಲಿನ ಆಟ

“ಹಿಂದಿನ ಸಂಚಿಕೆಯಲ್ಲಿ ನೀವು ಐಸ್ ಹಾಕಿ ತಂಡಗಳ ಜನರಲ್ ಮ್ಯಾನೇಜರ್‌ಗಳನ್ನು ಮೆಚ್ಚಿ ಬರೆದದ್ದು ನನಗೆ ಒಪ್ಪಿಗೆಯಾಗಲಿಲ್ಲ. ಆಡುವವರು ಆಟಗಾರರು, ಆಡಿಸುವವರು ಕೋಚ್. ಸೂಟು ತೊಟ್ಟು ಕಚೇರಿಯಲ್ಲಿ ಕುಳಿತು, ಫೋನಿನಲ್ಲಿ ಆಟಗಾರರನ್ನು ಕೊಟ್ಟು ತರುವವರಿಗೆ ಗೆಲುವಿನಲ್ಲಿ ಪಾಲೇಕೆ?”
– ಓದುಗರೊಬ್ಬರು, ಟೊರಾಂಟೊ

ಪ್ರಿಯ ಓದುಗರೇ,

ನಿಮ್ಮ ಮಾತಿನಲ್ಲಿ ನಿಜವಿದೆ. ಗೋಲು ಹೊಡೆಯುವವರೂ ಹಲ್ಲು ಮುರಿಸಿಕೊಳ್ಳುವವರೂ ಕಚೇರಿಯಲ್ಲಿ ಕುಳಿತವರಲ್ಲ. ಆದರೆ ಮಂಜುಗಡ್ಡೆಯ ಮೇಲೆ ಯಾರು ಇಳಿಯಬೇಕೆಂಬುದನ್ನು ವರ್ಷಗಳ ಮೊದಲೇ ಯೋಚಿಸಿದವರನ್ನು ನೀವು ಒಂದೇ ವಾಕ್ಯದಲ್ಲಿ ತಳ್ಳಿಹಾಕಿದ್ದು ನನಗೆ ಸರಿಕಾಣಲಿಲ್ಲ.

ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಜನರಲ್ ಮ್ಯಾನೇಜರ್ ಆಗಿದ್ದ ಸ್ಯಾಮ್ ಪೊಲಾಕ್ ಅವರನ್ನೇ ನೋಡಿ. 1970ರ ಮೇ ತಿಂಗಳಲ್ಲಿ ಅವರು ಕ್ಯಾಲಿಫೋರ್ನಿಯಾದ ಸೀಲ್ಸ್ ಎಂಬ ದುರ್ಬಲ ತಂಡದೊಡನೆ ಒಂದು ವ್ಯವಹಾರ ಕುದುರಿಸಿದರು. ಸೀಲ್ಸ್‌ಗೆ ಆ ಕ್ಷಣಕ್ಕೆ ಆಡಬಲ್ಲ ಆಟಗಾರ ಬೇಕಿತ್ತು. ಪೊಲಾಕ್ ಕೇಳಿದ್ದು ಮರುವರ್ಷದ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ಸೀಲ್ಸ್‌ಗೆ ಸಲ್ಲಬೇಕಿದ್ದ ಮೊದಲ ಸುತ್ತಿನ ಆಯ್ಕೆಯನ್ನು. ಕೊನೆಯ ಸ್ಥಾನದಲ್ಲಿ ಉಳಿದ ತಂಡವೇ ಮೊದಲು ಆರಿಸುವ ಕಾಲವದು, ಮತ್ತು ಕ್ವಿಬೆಕ್‌ನ ಕಿರಿಯರ ಲೀಗ್‌ನಲ್ಲಿ ಗೋಲಿನ ಮಳೆಗರೆಯುತ್ತಿದ್ದ ಗಿ ಲಫ್ಲರ್ ಎಂಬ ಹುಡುಗ 1971ರಲ್ಲಿ ಆಯ್ಕೆಗೆ ಬರುವವನಿದ್ದ. ಆದರೆ ನಡುವೆ ಲಾಸ್ ಏಂಜಲೀಸ್ ಕಿಂಗ್ಸ್ ಸೀಲ್ಸ್‌ಗಿಂತಲೂ ಕೆಳಗಿಳಿಯುವ ಲಕ್ಷಣ ಕಂಡಿತು. 1971ರ ಜನವರಿಯಲ್ಲಿ ಪೊಲಾಕ್ ತಮ್ಮ ನುರಿತ ಆಟಗಾರ ರಾಲ್ಫ್ ಬ್ಯಾಕ್‌ಸ್ಟ್ರಮ್ ಅವರನ್ನು ಕಿಂಗ್ಸ್‌ಗೆ ಕೊಟ್ಟರು. ಬ್ಯಾಕ್‌ಸ್ಟ್ರಮ್ ತಾವೇ ತಂಡ ಬಿಡಲು ಬಯಸಿದ್ದರು, ನಿಜ. ಆದರೆ ಎಲ್ಲಿಗೆ ಕಳಿಸಬೇಕೆಂಬುದನ್ನು ಪೊಲಾಕ್ ಲೆಕ್ಕಹಾಕಿಯೇ ತೀರ್ಮಾನಿಸಿದರೆಂದು ಹಾಕಿ ಬಲ್ಲವರು ಇಂದಿಗೂ ಹೇಳುತ್ತಾರೆ. ಕಿಂಗ್ಸ್ ಚೇತರಿಸಿಕೊಂಡಿತು, ಸೀಲ್ಸ್ ತಳದಲ್ಲೇ ಉಳಿಯಿತು, ಲಫ್ಲರ್ ಮಾಂಟ್ರಿಯಲ್‌ಗೆ ಬಂದರು. ಇದರಲ್ಲಿ ಯಾವ ಭಾಗವನ್ನು ಕೋಚ್ ಮಾಡಬಹುದಿತ್ತು, ಹೇಳಿ.

2005ರಿಂದ ಈ ಕೆಲಸ ಇನ್ನೂ ಕಠಿಣವಾಗಿದೆ. ಒಂದು ಇಡೀ ಋತು ರದ್ದಾದ ಮೇಲೆ, ತಂಡವೊಂದು ಆಟಗಾರರ ಸಂಬಳಕ್ಕೆ ಒಟ್ಟು ಎಷ್ಟು ಖರ್ಚು ಮಾಡಬಹುದೆಂದು ಕಟ್ಟುಹಾಕುವ ಸ್ಯಾಲರಿ ಕ್ಯಾಪ್ ಎಂಬ ಮಿತಿ ಬಂದದ್ದರಿಂದ, ಒಬ್ಬ ತಾರೆಗೆ ಹೆಚ್ಚು ಕೊಟ್ಟರೆ ಉಳಿದವರ ಪಾಲು ಕರಗುತ್ತದೆ. ಪ್ರತಿಭೆಗೆ ಎಂದೂ ಬರವಿರದ ನಿಮ್ಮ ಊರಿನ ಮೇಪಲ್ ಲೀಫ್ಸ್ 1967ರ ನಂತರ ಲೀಗ್‌ನ ಚಾಂಪಿಯನ್ನರಿಗೆ ಸಲ್ಲುವ ಸ್ಟ್ಯಾನ್ಲಿ ಕಪ್ ಮುಟ್ಟಿಲ್ಲವೆಂಬುದನ್ನು ಬಲ್ಲ ನೀವೇ ಹೀಗೆ ಬರೆಯಬಹುದೇ?

ಕೆಲವು ವರ್ಷಗಳ ಹಿಂದೆ, ಆಟಗಾರರ ವಿನಿಮಯಕ್ಕೆ ಕೊನೆಯ ದಿನ, ನಾನು ಮಿಸಿಸಾಗದಲ್ಲಿ ಬಂಧುಗಳ ಮನೆಯಲ್ಲಿದ್ದೆ. ಬೆಳಗಿನಿಂದ ಟಿ.ವಿ.ಯಲ್ಲಿ ಆಟವಿಲ್ಲ, ಬರೀ ಮಾತು. ಪಕ್ಕದ ಮನೆಯ ಹಿರಿಯರು ಹಳೆಯ ಲಕೋಟೆಯೊಂದರ ಹಿಂಬದಿಯಲ್ಲಿ ಎರಡು ಸಾಲು ಮಾಡಿಕೊಂಡು ಕೊಟ್ಟವರನ್ನೂ ಬಂದವರನ್ನೂ ಬರೆಯುತ್ತಿದ್ದರು. ಮುಂದಿದ್ದ ಕಾಫಿ ಆರಿ ಕೆನೆಗಟ್ಟಿದ್ದರೂ ಅವರಿಗೆ ಅದರ ಪರಿವೆಯಿರಲಿಲ್ಲ. ಮೂರು ಗಂಟೆಗೆ ಗಡುವು ಮುಗಿದಾಗ ಅವರು ಆ ಲಕೋಟೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು, “ಇದರ ಬೆಲೆ ಮೂರು ವರ್ಷದ ಮೇಲೆ ಗೊತ್ತಾಗುತ್ತದೆ” ಎಂದರು.

ಅಷ್ಟು ದಿನ ಕಾಯುವ ವ್ಯವಧಾನ ನಮ್ಮ ಕ್ರೀಡಾಪುಟಗಳಿಗೆ ಇಲ್ಲವೆಂಬುದೇ ನನ್ನ ದೂರು. ಡೆಟ್ರಾಯಿಟ್ ತಂಡ 1999ರ ಡ್ರಾಫ್ಟ್‌ನಲ್ಲಿ 210ನೆಯವರಾಗಿ ಆರಿಸಿಕೊಂಡ ಸ್ವೀಡನ್ನಿನ ಹೆನ್ರಿಕ್ ಜೆಟರ್‌ಬರ್ಗ್ 2008ರಲ್ಲಿ ಕಪ್ ಗೆದ್ದುಕೊಟ್ಟ ಗೋಲು ಹೊಡೆದರು. ಮರುದಿನದ ಪತ್ರಿಕೆಗಳಿಗೆ ಬೇಕಾಗುವುದು ಆ ಗೋಲು. ಒಂಬತ್ತು ವರ್ಷ ಹಿಂದೆ ಆ ಹೆಸರನ್ನು ಪಟ್ಟಿಯಲ್ಲಿ ಗುರುತಿಸಿಕೊಂಡವರು ಯಾರಿಗೂ ನೆನಪಾಗುವುದಿಲ್ಲ. ತಂಡ ನಾಲ್ಕು ಪಂದ್ಯ ಸೋತರೆ ಮಾತ್ರ ಮ್ಯಾನೇಜರ್‌ನನ್ನು ಕಿತ್ತುಹಾಕಿರೆಂಬ ಕೂಗು ತಪ್ಪದೆ ಏಳುತ್ತದೆ.

ಪೊಲಾಕ್ ಹದಿನಾಲ್ಕು ವರ್ಷಗಳಲ್ಲಿ ಒಂಬತ್ತು ಕಪ್ ಗೆದ್ದು 1978ರಲ್ಲಿ ಹುದ್ದೆ ಬಿಟ್ಟರು. 1979ರಲ್ಲಿ ಮಾಂಟ್ರಿಯಲ್ ಮತ್ತೆ ಗೆದ್ದಿತು. ಆ ಕಪ್ಪನ್ನು ಎತ್ತಿಹಿಡಿದವರಲ್ಲಿ ಲಫ್ಲರ್ ಇದ್ದರು.

– ಸಂಪಾದಕ